ಶೇಕಡಾ ಪಾಠದ ದಿನ

ಜೂನ್ ೩, ಮಂಗಳವಾರ

ಪ್ರೀತಿಯ ಪುಟ್ಟಿಗೆ,

ಅಮ್ಮ ಮಾಡುವ ಆಶೀರ್ವಾದ. ಮಂಡಿ ನೋವೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ನೀನೂ ಅಳಿಯಂದಿರೂ ಮಗುವೂ ಕ್ಷೇಮವೆಂದು ತಿಳಿದಿದ್ದೇನೆ. ಮೂರು ವಾರದಿಂದ ನೀನು ಫೋನ್ ಮಾಡಿದಾಗಲೆಲ್ಲ ನಾನು "ಆಮೇಲೆ ಮಾತಾಡ್ತೀನಿ" ಎಂದು ಇಟ್ಟುಬಿಟ್ಟೆ, ಬೇಸರ ಮಾಡಿಕೊಳ್ಳಬೇಡ. ಬಾಯಿಂದ ಮಾತೇ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ತರಗತಿಗೇ ಓದು ಬಿಟ್ಟವಳ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಇದ್ದರೆ ನಗಬೇಡ.

ನೇರ ವಿಷಯಕ್ಕೆ ಬರುತ್ತೇನೆ. ಲೆಕ್ಕದ ಕ್ಲಾಸಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಪರೀಕ್ಷೆ ಇದೇ ಇಪ್ಪತ್ತೊಂದಕ್ಕೆ. ಪಾಸಾದರೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿಯ ತರಬೇತಿಗೆ ತೆಗೆದುಕೊಳ್ಳುತ್ತಾರೆ. ಇಲ್ಲವಾದರೆ ಈ ಮಂಡಿ ಇಟ್ಟುಕೊಂಡು ಒದ್ದೆ ಹಾಸಿಗೆಬಟ್ಟೆ ಎತ್ತುತ್ತಲೇ ಇರಬೇಕು. ಐವತ್ತೈದು ದಾಟಿದವರನ್ನು ಸೇರಿಸುವುದಿಲ್ಲ, ನನಗೆ ಅದು ಬರುವ ತಿಂಗಳೇ ದಾಟುತ್ತದೆ. ಇದೆಲ್ಲ ನಿನಗೆ ಗೊತ್ತು, ಫಾರ್ಮು ತುಂಬಿ ನನ್ನನ್ನು ನೂಕಿದವಳೇ ನೀನು.

ಕ್ಲಾಸು ಚೆನ್ನಾಗಿಯೇ ನಡೆಯುತ್ತಿತ್ತು. ಸಂಜೆ ಐದಕ್ಕೆ, ಚಿಕ್ಕ ಮಕ್ಕಳ ಶಾಲೆಯ ಕೋಣೆಯಲ್ಲಿ. ಬೆಂಚಿನೊಳಗೆ ಕಾಲು ಹಿಡಿಸದೆ ಬಸ್ ಡ್ರೈವರಣ್ಣ ದಾರಿಗೆ ಅಡ್ಡ ಚಾಚಿ ಕೂರುತ್ತಾನೆ, ಬರುವವರೆಲ್ಲ ದಾಟಿಕೊಂಡು ಬರಬೇಕು. ಟೀಚರು ನಿನಗಿಂತ ಚಿಕ್ಕವಳು. ಅವಳದೊಂದು ಪದ್ಧತಿ, ಯಾರೂ ರಬ್ಬರ್ ತರುವಂತಿಲ್ಲ. ತಪ್ಪಾದರೆ ಒಂದು ಗೀಟೆಳೆದು ಕೆಳಗೆ ಮತ್ತೆ ಮಾಡಬೇಕು. "ನಿಮ್ಮ ತಪ್ಪು ನನಗೆ ಕಾಣ್ಬೇಕು, ಆಗ್ಲೇ ನೀವು ಹೇಗೆ ಯೋಚಿಸಿದ್ರಿ ಅಂತ ಗೊತ್ತಾಗೋದು" ಎನ್ನುತ್ತಾಳೆ. ಡ್ರೈವರಣ್ಣ ತನ್ನ ನೋಟ್‌ಪುಸ್ತಕವನ್ನೇ ಅವಳ ಮುಂದೆ ಇಟ್ಟು, "ಹಾಗಾದ್ರೆ ಇದು ಪೂರ್ತಿ ನಿಮಗೇ ತಾಯಿ" ಎಂದ.

ಭಿನ್ನರಾಶಿ ನನಗೂ ನನ್ನ ಪಕ್ಕ ಕೂರುವ ಬೇಕರಿಯಾಕೆಗೂ ಕಬ್ಬಿಣದ ಕಡಲೆಯಾಗಿತ್ತು. ಮೂರರಲ್ಲೊಂದಕ್ಕಿಂತ ನಾಲ್ಕರಲ್ಲೊಂದೇ ದೊಡ್ಡದು ಎಂದು ಒಂದು ವಾರ ಇಬ್ಬರೂ ಹಠ ಹಿಡಿದೆವು. ಕೊನೆಗೆ ಆಕೆಯೇ, "ಅಯ್ಯೋ, ಒಂದೇ ಕೇಕು ನಾಲ್ಕು ಜನಕ್ಕೆ ಕುಯ್ದ್ರೆ ತುಂಡು ಸಣ್ಣದಾಗುತ್ತಲ್ವೇನ್ರೀ, ದಿನಾ ಕುಯ್ಯೋಳು ನಾನೇ" ಎಂದು ಹಣೆ ಚಚ್ಚಿಕೊಂಡಳು. ನಾನೂ ನಕ್ಕೆ.

ಮೇ ಹದಿಮೂರಕ್ಕೆ ಶೇಕಡಾ ಪಾಠ. ಇಪ್ಪತ್ತು ಲೀಟರಿಗೆ ಶೇಕಡಾ ಐದರಂತೆ ಬ್ಲೀಚ್ ಎಷ್ಟು ಎಂದು ಟೀಚರು ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಬರೆದು ಮುಗಿಯುವ ಮೊದಲೇ "ಒಂದು ಮಗ್ಗು" ಎಂದೆ. ಎಲ್ಲರೂ ನಕ್ಕರು. ನಮ್ಮ ಲಾಂಡ್ರಿಯ ಮಗ್ಗು ಸರಿಯಾಗಿ ಒಂದು ಲೀಟರಿನದು. "ಇಪ್ಪತ್ತು ವರ್ಷದಿಂದ ಶೇಕಡಾ ಮಾಡ್ತಾನೇ ಇದೀರಲ್ಲಮ್ಮ" ಎಂದು ಅವಳು ಹೊಗಳಿದಳು. ಆಮೇಲೆ ಬೇರೆ ಬೇರೆ ಮೊತ್ತಗಳನ್ನು ನೂರಕ್ಕೆ ತಂದು ಹೋಲಿಸಿ ನೋಡುವ ಹತ್ತು ಲೆಕ್ಕ ಕೊಟ್ಟಳು. ನನ್ನವು ಹತ್ತೂ ಸರಿ. ಮರುದಿನದಿಂದ ನಾನು ಹೋಗಲಿಲ್ಲ.

ಅಳು ಬಂದಿದ್ದರೆ ಅತ್ತು ಹಗುರಾಗುತ್ತಿದ್ದೆನೇನೋ, ಅದೂ ಬರಲಿಲ್ಲ. ಎದ್ದು ಹೋಗುತ್ತೇನೆ, ಬಟ್ಟೆ ಮಡಿಸುತ್ತೇನೆ, ಬರುತ್ತೇನೆ. ಹೊಟ್ಟೆಗೆ ಏನೋ ಹಾಕಿಕೊಳ್ಳುತ್ತೇನೆ, ಏನೆಂದು ಕೇಳಿದರೆ ನೆನಪಿರುವುದಿಲ್ಲ. ಮೊನ್ನೆ ಇಸ್ತ್ರಿ ಯಂತ್ರ ತಾಗಿ ಮುಂಗೈಯಲ್ಲಿ ಬೊಬ್ಬೆ ಎದ್ದಿತ್ತು, ಪಕ್ಕದವಳು ಕೂಗುವ ತನಕ ನನಗೆ ಗೊತ್ತೇ ಆಗಲಿಲ್ಲ. ಗಾಬರಿಯಾಗಬೇಡ, ಈಗ ಒಣಗಿದೆ.

ಶುಕ್ರವಾರ ಟೀಚರೇ ಲಾಂಡ್ರಿಗೆ ಬಂದಳು. ಹಬೆಗೆ ಕನ್ನಡಕ ಮಂಜಾಗಿ, ಒರೆಸಿಕೊಳ್ಳುತ್ತಾ ನನ್ನ ಹುಡುಕಿದಳು.

"ಯಾಕಮ್ಮ ಬರ್ತಿಲ್ಲ? ಅರ್ಥ ಆಗ್ತಿಲ್ವಾ?"

"ಆಯ್ತು."

"ಮತ್ತೆ?"

"ಅರ್ಥ ಆಯ್ತಲ್ಲ, ಅದಕ್ಕೇ."

ಅವಳಿಗೆ ತಲೆಬುಡ ತಿಳಿಯಲಿಲ್ಲ. "ನಮ್ಮಲ್ಲಿ ಖಂಡಿತ ಪಾಸಾಗೋರು ಅಂದ್ರೆ ನೀವೇ, ನೀವೇ ಹೀಗ್ ಮಾಡಿದ್ರೆ ಹೇಗೆ" ಎಂದಳು. ಪ್ರವೇಶಪತ್ರವನ್ನು ಮಡಿಸಿಟ್ಟ ಬಟ್ಟೆಯ ಮೇಲಿಟ್ಟು ಹೋದಳು. ಅದು ಒದ್ದೆಯಾಗದಂತೆ ಜೋಪಾನವಾಗಿ ತಂದಿಟ್ಟಿದ್ದೇನೆ, ಯಾಕೆ ತಂದೆನೋ ತಿಳಿಯದು.

ಮಗುವಿಗೆ ಮುತ್ತು ಕೊಡು. ಹೊಲಿಯುವಾಗ ಬೆಳಕಿಗೆ ಮುಖ ಮಾಡಿ ಕೂರು, ಕಣ್ಣು ಹಾಳು ಮಾಡಿಕೊಳ್ಳಬೇಡ. ನಿನ್ನ ಕೈ ಹಿಡಿದ ಕೆಲಸವೆಲ್ಲ ಹೂವೆತ್ತಿದ ಹಾಗೆ ಆಗಲಿ.

ನಿನ್ನ
ಅಮ್ಮ

ಸಹಿ ಹಾಕಿದ ಮೇಲೆ ಬರೆಯುತ್ತಿರುವುದು:

ಮರೆತದ್ದಲ್ಲ, ಹೇಳಲಾಗದೆ ಇಷ್ಟು ಹೊತ್ತು ಸುತ್ತಿ ಬಳಸಿದೆ. ಶೇಕಡಾ ಪಾಠದ ದಿನ ಮನೆಗೆ ಬಂದವಳೇ ನಿನ್ನ ಏಳನೇ ತರಗತಿಯ ಅಂಕಪಟ್ಟಿ ಹುಡುಕಿ ತೆಗೆದೆ. ಲೆಕ್ಕಕ್ಕೆ ಮೊದಲ ಪರೀಕ್ಷೆಯಲ್ಲಿ ಅರವತ್ತೆರಡು, ಮುಂದಿನದರಲ್ಲಿ ಹತ್ತೊಂಬತ್ತು. ಆ ಹತ್ತೊಂಬತ್ತು ನೋಡಿ ತಾನೇ ನಿನ್ನನ್ನು ಶಾಲೆ ಬಿಡಿಸಿ ಟೈಲರ್ ಅಂಗಡಿಗೆ ಕಳಿಸಿದ್ದು. "ಅಮ್ಮ, ಮೊದಲಿಂದು ನೂರಕ್ಕೆ, ಇದು ಇಪ್ಪತ್ತೈದಕ್ಕೆ" ಎಂದು ನೀನು ನನ್ನ ಕೈ ಹಿಡಿದು ಅತ್ತೆ. "ಎಷ್ಟಕ್ಕಾದ್ರೇನು, ಹತ್ತೊಂಬತ್ತು ಹತ್ತೊಂಬತ್ತೇ. ದಡ್ಡಿಗೆ ಓದು ಬೇರೆ ಕೇಡು" ಎಂದೆ. ಆಮೇಲೆ ನೀನೂ ಅದನ್ನೇ ನಂಬಿಬಿಟ್ಟೆ. ಲೆಕ್ಕ ನನ್ನ ತಲೆಗೆ ಹತ್ತಲ್ಲ ಎಂದು ಈಗಲೂ ನಗುತ್ತಾ ಹೇಳುತ್ತೀಯ.

ಇಪ್ಪತ್ತೈದಕ್ಕೆ ಹತ್ತೊಂಬತ್ತು ಎಂದರೆ ನೂರಕ್ಕೆ ಎಪ್ಪತ್ತಾರು. ಮೂರು ಸಲ ಮಾಡಿ ನೋಡಿದೆ. ನೀನು ಕೆಳಗೆ ಬಿದ್ದಿರಲಿಲ್ಲ ಮಗಳೇ, ಮೇಲೆ ಹೋಗಿದ್ದೆ. ನಿನ್ನ ಓದು ಕಿತ್ತವಳು ನಾನು, ಈಗ ಯಾವ ಮುಖ ಹೊತ್ತು ಪಾಸಾಗಲಿ? ಇಪ್ಪತ್ತೊಂದಕ್ಕೆ ಕೂರಲೋ ಬೇಡವೋ, ನೀನು ಹೇಳು. ಈ ಸಲ ನಿನ್ನ ಮಾತು ಕೇಳುತ್ತೇನೆ.