ವಾಸಿಯಾದ ಮೇಲೂ ಉಳಿದ ಕಲೆ

ಕೂಕಟ್‌ಪಲ್ಲಿ, ಹೈದರಾಬಾದ್
9 ಫೆಬ್ರವರಿ 2025, ಭಾನುವಾರ

ಪ್ರೀತಿಯ ಸುವರ್ಣಾ,

ನಾನು ಭಾಗ್ಯಶ್ರೀ. ಹರಿದು ಹಾಕುವುದಿದ್ದರೆ ಓದಿದ ಮೇಲೆ ಹರಿ.

ನೀನು ಫೋನ್ ಎತ್ತುವುದಿಲ್ಲ. ಹೋದ ವಾರ ಜೀಡಿಮೆಟ್ಲಾಕ್ಕೆ, ನಿಮ್ಮಕ್ಕನ ಮನೆತನಕ ಬಂದಿದ್ದೆ. ಯಮುನಾಬಾಯಿ ಅಕ್ಕ ಬಾಗಿಲಲ್ಲೇ ನಿಂತು, "ಆಕಿ ಮಲಗ್ಯಾಳವ್ವಾ, ಎಬ್ಬಸಬ್ಯಾಡ" ಎಂದಳು. ಒಳಗೆ ನೀನು ಪಾತ್ರೆ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ನಡುನಡುವೆ ಕೆಮ್ಮು. ನಾನು ಅಕ್ಕನ ಮುಖ ನೋಡಿದೆ. "ತಿಂಗಳಾಯ್ತು. ದವಾಖಾನಿ ಹೆಸರು ತೆಗದ್ರ ಮೈಮ್ಯಾಲೆ ಬರ್ತಾಳ" ಎಂದು ಪಿಸುಗುಟ್ಟಿದಳು. ಅದಕ್ಕೇ ಈ ಕಾಗದ.

ಸೇಡಂನಿಂದ ಒಂದೇ ರೈಲಿನಲ್ಲಿ ಬಂದು ಈ ಕೋಣೆ ಹಿಡಿದವರು ನಾವು. ನಾನು ಗಲ್ಫಿಗೆ ಹೋಗುವವರ ಆರೋಗ್ಯ ತಪಾಸಣೆ ಮಾಡುವ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದೆ. ನೀನು ಕುವೈತಿನಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ನಾಲ್ಕು ವರ್ಷ ನೋಡಿಕೊಂಡೆ. ರಜೆಗೆ ಬಂದಾಗ ನಿನಗೆ ಕೆಮ್ಮು ಹತ್ತಿತು. ಸರ್ಕಾರಿ ದವಾಖಾನೆಗೆ ನಡಿ ಎಂದು ಹಟ ಹಿಡಿದವಳು ನಾನೇ. "ಹೆಸರು ಬರಸಿದ್ರ ನನ್ನ ವೀಸಾ ಹೋಗ್ತದ" ಎಂದು ನೀನು ಹೆದರಿದ್ದೆ. ಕ್ಷಯಕ್ಕೆ ಔಷಧವಿದೆ, ಆರು ತಿಂಗಳಲ್ಲಿ ಮುಗಿಯುತ್ತದೆ ಎಂದು ಗೋಡೆಯ ಮೇಲೆ ಬರೆದದ್ದನ್ನೇ ನಿನಗೆ ಓದಿ ಹೇಳಿದೆ. ಆಶಾ ಕಾರ್ಯಕರ್ತೆ ಬಂದು, ಗುಳಿಗೆ ನುಂಗಿದೆಯೋ ಇಲ್ಲವೋ ಎಂದು ನಿನ್ನ ಬಾಯಿ ತೆರೆಸಿ ನೋಡುತ್ತಿದ್ದಳು. ಅನ್ನ ಸೇರುತ್ತಿರಲಿಲ್ಲ, ವಾಂತಿಯಾಗುತ್ತಿತ್ತು. ಆದರೂ ಒಂದು ದಿನ ತಪ್ಪಿಸಲಿಲ್ಲ ನೀನು. ಕೊನೆಗೆ ಕಾರ್ಡಿನಲ್ಲಿ ಗುಣವಾಗಿದೆ ಎಂದು ಬರೆದು ಮೊಹರು ಒತ್ತಿಕೊಟ್ಟರು.

ಅಜ್ಜಿಯ ಮನೆಯವರು ಮತ್ತೆ ವೀಸಾ ಕಳಿಸಿದಾಗ ತಪಾಸಣೆಗೆ ನಮ್ಮ ಕೇಂದ್ರವನ್ನೇ ಗೊತ್ತುಮಾಡಿದ್ದರು. ನಿನ್ನ ಕಫದಲ್ಲಿ ಏನೂ ಇರಲಿಲ್ಲ, ರಕ್ತದಲ್ಲೂ ಇರಲಿಲ್ಲ. ಎಕ್ಸ್‌ರೇಯಲ್ಲಿ ಮಾತ್ರ ಎಡಗಡೆ ಉಗುರಿನಷ್ಟು ಕಲೆ. ರೋಗ ವಾಸಿಯಾಗಿದ್ದರೂ ಕಲೆಯಿದ್ದವರು ಅನರ್ಹರು ಎಂಬುದು ಕುವೈತಿನವರ ನಿಯಮ. ವರದಿ ಟೈಪ್ ಮಾಡಿದ್ದು ನಾನು. ನೀನು ಆ ಕಾರ್ಡನ್ನು ಕೌಂಟರಿನ ಮೇಲಿಟ್ಟು, "ಗುಣ ಆಗ್ಯಾದಂತ ಸರ್ಕಾರನೇ ಬರದದಲ್ಲ, ಮತ್ಯಾಕ?" ಎಂದು ಕೇಳಿದೆ. ಮಾಡುವಂಥದ್ದು ಏನೂ ಇಲ್ಲ ಎಂದೆ.

ಮುಂದಿನದನ್ನು ನಿನಗೆ ಹೇಳಬೇಕಿಲ್ಲ. ಏಜೆಂಟ್ ಅಂಬಾದಾಸ, ಇದಕ್ಕೆ ತಪಾಸಣೆ ಬೇಕಿಲ್ಲವೆಂದು ಪ್ರವಾಸಿ ವೀಸಾ ಮಾಡಿಸಿ ಕಳಿಸಿದ. ಅಲ್ಲಿ ಕೆಲಸದ ಪರವಾನಗಿಗೆ ಹೋದಾಗ ಮತ್ತೆ ಎಕ್ಸ್‌ರೇ ತೆಗೆದರು. ಎಂಟು ದಿನ ಕೂಡಿಹಾಕಿ, ಹತ್ತು ಬೆರಳಿನ ಗುರುತು ತೆಗೆದುಕೊಂಡು, ಇನ್ನೆಂದೂ ಕಾಲಿಡಬೇಡ ಎಂದು ವಿಮಾನ ಹತ್ತಿಸಿದರು. ಅಜ್ಜಿಯ ಮುಖವನ್ನೂ ನೋಡಗೊಡಲಿಲ್ಲವಂತೆ.

ಸುಮ್ಮನೆ ಕೂತಿರಲಿಲ್ಲ ನಾನು. ಹೊರದೇಶಕ್ಕೆ ದುಡಿಯಲು ಹೋಗುವವರ ದೂರು ಕೇಳುವ ನಾಂಪಲ್ಲಿಯ ಸರ್ಕಾರಿ ಕಚೇರಿಗೆ ಮೂರು ಸಲ ಹೋದೆ. ಅದು ಆ ದೇಶದ ಕಾನೂನಮ್ಮಾ, ನಾವೇನು ಮಾಡೋದು ಎಂದರು. ಆರೋಗ್ಯ ಇಲಾಖೆಯವರು, ನಮ್ಮ ಕೆಲಸ ಗುಣಪಡಿಸುವುದು, ವೀಸಾ ನಮ್ಮದಲ್ಲ ಎಂದರು. ರೋಗ ಹರಡಬಾರದೆಂಬುದು ನನಗೂ ಗೊತ್ತು. ಆದರೆ ಹರಡಲಾರದವಳನ್ನು ಏಕೆ ತಡೆಯಬೇಕು? ನಾಲ್ಕು ವರ್ಷ ಅವರ ತಾಯಿಯ ಮಲಮೂತ್ರ ಬಳಿದವಳು ನೀನು. ಆ ರೋಗ ನಿನಗೆ ಅಲ್ಲೇ ಹತ್ತಿತೋ ಇಲ್ಲಿ ಹತ್ತಿತೋ ಯಾರು ಬಲ್ಲರು? ಎರಡೆರಡು ವರ್ಷದ ಲೆಕ್ಕದಲ್ಲಿ ಕರೆಸಿಕೊಳ್ಳುವವರಿಗೆ ಬೇಕಿರುವುದು ಕೈಗಳು ಮಾತ್ರ. ಆ ಕೈಗಳ ಹಿಂದೆ ಒಂದು ಎದೆಯೂ ಇರುತ್ತದೆ ಎಂಬುದು ಎಕ್ಸ್‌ರೇ ತೆಗೆದಾಗ ಮಾತ್ರ ಅವರಿಗೆ ನೆನಪಾಗುತ್ತದೆ.

ಈಗ ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳು ಕೆಮ್ಮನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ದವಾಖಾನೆಗೆ ತೋರಿಸು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ನಿನಗೆ ಹೇಳುವ ಮುಖವಂತೂ ಇಲ್ಲವೇ ಇಲ್ಲ. ಆದರೂ ಹೇಳುತ್ತಿದ್ದೇನೆ, ಹೋಗು ಸುವರ್ಣಾ. ಹೋದರೆ ವೀಸಾ ಬರುವುದಿಲ್ಲ, ನಿನ್ನ ಕೆಲಸವೂ ಮರಳಿ ಸಿಗುವುದಿಲ್ಲ. ಬದುಕಿರುತ್ತೀಯ, ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ಈ ಸಲ ನಾನು ಆಣೆಮಾಡಿ ಹೇಳುವುದಿಲ್ಲ.

ಇಂತಿ ನಿನ್ನ,
ಭಾಗ್ಯಶ್ರೀ

ತಾ.ಕ.: ಮಾಡುವಂಥದ್ದು ಏನೂ ಇಲ್ಲ ಎಂದದ್ದು ಪೂರ್ತಿ ನಿಜವಲ್ಲ. ನಮ್ಮ ಡಾಕ್ಟರು ಅಂದು ವರದಿಯನ್ನು ಎರಡು ದಿನ ತಡೆದಿಡಲು ಹೇಳಿದ್ದರು. ಆಕೆಯ ಹಳೆಯ ಎಕ್ಸ್‌ರೇ, ಚಿಕಿತ್ಸೆಯ ಕಾಗದ ತರಿಸು, ಮೇಲಿನವರಿಗೆ ಬರೆದು ನೋಡುತ್ತೇನೆ, ಆಗುವುದು ಅನುಮಾನ ಎಂದಿದ್ದರು. ನಾನು ನಿನಗೆ ಹೇಳಲಿಲ್ಲ. ಅಂದೇ ಸಂಜೆ ವರದಿ ಕಳಿಸಿಬಿಟ್ಟೆ. ಕಳಿಸಿದ ಮೇಲೆ ನನಗೆ ಸಮಾಧಾನವಾಗಿತ್ತು, ಸುವರ್ಣಾ. ಈ ಸಲ ನೀನು ನನ್ನನ್ನು ಬಿಟ್ಟು ಹೋಗುವುದಿಲ್ಲ ಎಂದುಕೊಂಡಿದ್ದೆ.