ಆಮೆಯ ಅಂಚೆಚೀಲಕ್ಕೆ ಪರವಾನಗಿ

೧೮ ಆಗಸ್ಟ್ ೧೯೯೬, ಭಾನುವಾರ

ಎಂದಿನಂತೆ ಹತ್ತಕ್ಕೆ ಕನ್ನಡ ಕ್ಲಾಸು. ಅಲ್ಕಾಪುರಿ, ಶ್ರೀನಿವಾಸ ರಾಯರ ಹೋಟೆಲಿನ ಮಹಡಿ. ಕೆಳಗೆ ಸಾಂಬಾರಿನ ಪರಿಮಳ, ಮೇಲೆ ಮಕ್ಕಳ ಆಕಳಿಕೆ. ಕನ್ನಡ ಸಂಘದ ಯುವ ಬಳಗ ಅಂತ ಹೆಸರೇನೋ ದೊಡ್ಡದು. ದುಡಿಯುವವರು ನಾನು ಮತ್ತು ಕಾಲೇಜಿನ ಅನಿಲ್, ಇಬ್ಬರೇ. ಮಕ್ಕಳೆಲ್ಲ ವಡೋದರಾದಲ್ಲೇ ಬೆಳೆದವರು. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಕೊಡುವುದು ಹೆಚ್ಚಾಗಿ ಗುಜರಾತಿಯಲ್ಲಿ. ಅಕ್ಷರ ಕಂಡರಂತೂ ಮುಖ ಹುಳ್ಳಗೆ.

ಇವತ್ತೊಂದು ಉಪಾಯ ಮಾಡಿದೆ. ‘ಆಮೆಯ ಅಂಚೆಚೀಲ’ — ಧಾರವಾಡದ ರುಕ್ಮಿಣಿಬಾಯಿ ಮುಳಗುಂದ ಅವರ ಮಕ್ಕಳ ಕಥೆಗಳು, ನಾನು ಚಿಕ್ಕವಳಿದ್ದಾಗಿನ ಪ್ರತಿ. ಮೊದಲ ಪುಟವನ್ನು ಬೋರ್ಡಿನ ಮೇಲೆ ಬರೆದೆ. ಪ್ರತಿ ಸಾಲಿನ ಕೆಳಗೂ ಅದೇ ಕನ್ನಡ, ಗುಜರಾತಿ ಅಕ್ಷರದಲ್ಲಿ. ಪಕ್ಕದ ಮನೆಯ ಸಮೀಕ್ಷಾ, ಒಂಬತ್ತು ವರ್ಷ, ಸದಾ ಕಿಟಕಿ ಕಡೆ ಮುಖ ಮಾಡಿ ಕೂರುವವಳು — ಎದ್ದು ನಿಂತು ಇಡೀ ಪುಟ ಓದಿದಳು. ಕನ್ನಡ ಓದಿದಳು. ಬೋರ್ಡ್ ಒರೆಸುವ ನೆಪದಲ್ಲಿ ತಿರುಗಿ ನಿಂತು ಕಣ್ಣೊರೆಸಿಕೊಂಡೆ.

ಇಡೀ ಪುಸ್ತಕ ಹೀಗೇ ಆಗಬೇಕು. ಎಲ್ಲ ಮಕ್ಕಳ ಕೈಗೂ ಒಂದೊಂದು. ರಾಜ್ಯೋತ್ಸವಕ್ಕೆ ವೇದಿಕೆಯ ಮೇಲೆ ಓದಬೇಕು.

೨೦ ಆಗಸ್ಟ್

ಪರವಾನಗಿ ಕೇಳಿ ರುಕ್ಮಿಣಿಬಾಯಿಯವರಿಗೆ ಕಾಗದ ಹಾಕಿದೆ, ಪ್ರಕಾಶಕರ ಮೂಲಕ. ಅನಿಲ್ ನಕ್ಕ. “ಅಕ್ಕಾ, ಜ಼ೆರಾಕ್ಸ್ ಮಾಡೋಕೂ ಪರ್ಮಿಶನ್ನಾ? ಧಾರವಾಡದಿಂದ ಇಲ್ಲಿಗೆ ಯಾರು ಬಂದು ನೋಡ್ತಾರೆ?”

“ನಿನ್ನ ಸ್ಕೂಟರ್ ಯಾರೂ ನೋಡದಾಗ ತಗೊಂಡು ಹೋಗ್ಲಾ?” ಅಂದೆ. ಗುಜರಾತಿ ಸಾಲುಗಳನ್ನು ಬರೆದು ಸಿದ್ಧ ಮಾಡುವ ಕೆಲಸ ಅವನಿಗೆ. ಅಕ್ಷರ ಮುತ್ತು, ಬುದ್ಧಿ ಮಾತ್ರ ಆತುರ.

೧೪ ಸೆಪ್ಟೆಂಬರ್

ಉತ್ತರ ಬಂತು. ಬ್ಯಾಂಕಿನಿಂದ ಬಂದವಳು ಚಪ್ಪಲಿ ಕೂಡ ಬಿಡದೆ ಒಡೆದೆ.

“ಕನ್ನಡದ ಮಕ್ಕಳಿಗೆ ಗುಜರಾತಿ ಊರುಗೋಲು ಕೊಟ್ಟರೆ ಅವರು ಕಾಲು ಊರುವುದು ಯಾವಾಗ? ನನ್ನ ಕಥೆಗೆ ಅದು ಬೇಡ. ಪರವಾನಗಿ ಇಲ್ಲ.”

ಎಂಥ ಹೆಂಗಸು. ಇಲ್ಲಿ ಬಂದು ಒಂದು ಭಾನುವಾರ ಈ ಮಕ್ಕಳನ್ನು ಕೂರಿಸಿಕೊಳ್ಳಲಿ, ಗೊತ್ತಾಗುತ್ತದೆ. ಅನ್ನ ಸೇರಲಿಲ್ಲ.

೨೨ ಸೆಪ್ಟೆಂಬರ್, ಭಾನುವಾರ

ಅನಿಲ್ ಆಟೋದಲ್ಲಿ ಎರಡು ದೊಡ್ಡ ಕಟ್ಟು ತಂದ. ಸಯಾಜಿಗಂಜ್‌ನಲ್ಲಿ ಸೈಕ್ಲೋಸ್ಟೈಲ್ ಮಾಡಿಸಿದ್ದಾನೆ. ಇಡೀ ಪುಸ್ತಕ, ನೂರು ಪ್ರತಿ. ಹೊಲಿಯುವುದೊಂದು ಬಾಕಿ. “ಸರ್ಪ್ರೈಸ್ ಅಕ್ಕಾ.” ಪರವಾನಗಿ ಇಲ್ಲ ಅಂತ ನಾನು ಯಾರಿಗೂ ಹೇಳಿರಲಿಲ್ಲ... ಹೇಳಲು ನಾಚಿಕೆ.

ಮಂಗಳಾರತಿ ಮಾಡಿದೆ, ಮಕ್ಕಳ ಎದುರಿಗೇ. ಅವನ ಮುಖ ಸಣ್ಣದಾಯಿತು.

ರಾಯರು ಮೇಲೆ ಬಂದರು. ಅವರೇ ಸಂಘದ ಅಧ್ಯಕ್ಷರು. ಹಾಳೆ ತಿರುವಿ ಖುಷಿಯಾದರು. “ಎಂತ ಚಂದ ಉಂಟು ಮಾರಾಯ್ರೆ. ಹಂಚಿ ಬಿಡಿ. ಮಾರ್ಲಿಕ್ಕೆ ಅಲ್ಲ, ಮಕ್ಕಳಿಗೆ ಅಲ್ವಾ?”

“ಕೇಳದೇ ಇದ್ದಿದ್ರೆ ಬೇರೆ ಮಾತು ರಾಯರೇ. ಕೇಳಿದ್ದೀನಿ, ಇಲ್ಲ ಅಂದಿದ್ದಾರೆ. ಇನ್ನು ಹಂಚಿದ್ರೆ ಕಳ್ಳತನ.”

“ಹಾಗಾದ್ರೆ ರಾಜ್ಯೋತ್ಸವಕ್ಕೆ ಎಂತ ಮಾಡ್ತೀರಿ? ಸಿನೆಮಾ ಡ್ಯಾನ್ಸಾ?”

ಎರಡೂ ಕಟ್ಟು ಮನೆಗೆ ತಂದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ನೂರು ಪ್ರತಿ ಒಳಗೆ, ಮಕ್ಕಳು ಹೊರಗೆ. ಕೈಗೆ ಬಂದ ತುತ್ತು ಬಾಯಿಗಿಲ್ಲ.

೨೯ ಸೆಪ್ಟೆಂಬರ್

ಅನಿಲ್ ಬರಲಿಲ್ಲ. ಮಕ್ಕಳೂ ಅರ್ಧ. ಮತ್ತೆ ಆಕಳಿಕೆ.

೬ ಅಕ್ಟೋಬರ್, ಭಾನುವಾರ

ಎಲ್ಲ ಬರೆದಿಡಬೇಕು, ಒಂದು ಮಾತೂ ಬಿಡದೆ.

ರುಕ್ಮಿಣಿಬಾಯಿಯವರ ಕಾಗದದ ಮೇಲೆ ಅವರ ಪಕ್ಕದ ಮನೆಯವರ ಫೋನ್ ನಂಬರ್ ಇತ್ತು. ಎಸ್‌ಟಿಡಿ ಬೂತಿಗೆ ಹೊರಟೆ. ಸಮೀಕ್ಷಾ ತಾನೂ ಬರುತ್ತೇನೆಂದು ಹಿಂದೆ ಬಿದ್ದಳು. ಫೋನ್ ಎತ್ತಿದವರು ಹೋಗಿ ರುಕ್ಮಿಣಿಬಾಯಿಯವರನ್ನು ಕರೆದು ತಂದರು.

“ಯಾರವಾ?”

“ವಡೋದರಾದಿಂದ ನಾಗವೇಣಿ. ನೀವು ಪರವಾನಗಿ ಇಲ್ಲ ಅಂದ್ರಲ್ಲ...”

“ಇಲ್ಲ ಅಂದ್ಮ್ಯಾಲೆ ಮತ್ತ್ಯಾಕ ಫೋನು? ಮೂವತ್ತು ವರ್ಷ ಅಕ್ಷರ ತಿದ್ದಿಸೀನಿ. ಅಡ್ಡದಾರಿ ಹಿಡಿದ ಹುಡುಗೂರು ದೊಡ್ಡ ದಾರಿಗೆ ಬರೂದಿಲ್ಲ.”

ಸಿಟ್ಟು ಮೂಗಿನ ತುದಿಗೆ ಬಂತು. “ಒಂದು ನಿಮಿಷ ಈ ಮಗು ಓದೋದು ಕೇಳಿ, ಆಮೇಲೆ ಎಷ್ಟು ಬೇಕೋ ಅಷ್ಟು ಬೈಯಿರಿ” ಅಂದು ರಿಸೀವರ್ ಸಮೀಕ್ಷಾಳ ಕೈಗೆ ಕೊಟ್ಟುಬಿಟ್ಟೆ. ಅವಳ ಹತ್ತಿರ ಹಾಳೆಯೇ ಇಲ್ಲ. ಆ ಮೊದಲ ಪುಟ ಬಾಯಿಗೇ ಬರುತ್ತಿತ್ತು. ಹೇಳಿದಳು, ಎಳೆದು ಎಳೆದು. ಆ ಕಡೆಯ ದನಿ ಕೇಳಲು ನಾನೂ ಕಿವಿ ಹಚ್ಚಿದೆ.

“ಇಷ್ಟು ಸಾವಕಾಶ ಯಾಕ ಕೂಸ? ನನ್ನ ಆಮಿನೂ ಇದಕ್ಕಿಂತ ಬಿರಬಿರ ನಡೀತದ.”

“ಅಜ್ಜಿ, ಮುಂದೆ ಏನಾಯ್ತು? ನನಗೆ ಒಂದೇ ಪೇಜ್ ಗೊತ್ತು.”

“ಉಳದದ್ದೆಲ್ಲಿ ಹೋತು?”

“ಅಕ್ಕನ ಕಪಾಟಲ್ಲಿ ಲಾಕ್. ಅನಿಲ್ ಅಣ್ಣ ಹಂಡ್ರೆಡ್ ಕಾಪಿ ಮಾಡ್ಸಿದ್ದ. ನೀವು ಪರ್ಮಿಶನ್ ಕೊಡಲ್ಲ ಅಂತ ಅಕ್ಕ ಕೊಡ್ತಾ ಇಲ್ಲ.”

ಮುಗಿಯಿತು ಕಥೆ ಅಂದುಕೊಂಡೆ. ರಿಸೀವರ್ ಕಸಿದುಕೊಂಡು, ಹೌದು, ತಪ್ಪಾಗಿದೆ, ಸುಟ್ಟು ಹಾಕುತ್ತೇನೆ ಅಂದೆ. ಮೀಟರು ಓಡುತ್ತಿತ್ತು.

“ಛಾಪಿಸಿದ್ದನ್ನ ಕೀಲಿ ಹಾಕಿಟ್ಟೀಯೇನು?”

“ಹೂಂ.”

“ನನ್ನ ಕಥಿ ಯಾರ್ಯಾರೋ ಛಾಪಿಸ್ಯಾರವಾ. ಶಾಲಿಯವರು, ಸಂಘದವರು. ಹೆಸರೂ ಹಾಕಿಲ್ಲ. ಕೇಳಿದಾಕಿ ನೀ ಒಬ್ಬಾಕಿ. ಬ್ಯಾಡಂದ್ರ ನಿಲ್ಲಿಸಿದಾಕಿನೂ ನೀ ಒಬ್ಬಾಕಿ.” ದನಿ ಸ್ವಲ್ಪ ಒಡೆಯಿತು. “ಸುಡಬ್ಯಾಡ. ಹಂಚು. ಆದ್ರ ಕಡೀ ಕಥಿಗೆ ಗುಜರಾತಿ ಬ್ಯಾಡ, ಒಂದು ಅಕ್ಷರನೂ ಬ್ಯಾಡ. ಅದನ್ನ ಹುಡುಗೂರು ತಾವ ಓದಲಿ. ಏನಾತಂತ ನೀನೂ ಹೇಳಬಾರದು. ಮಾತು ಕೊಡು.”

ಕೊಟ್ಟೆ. ಬೂತಿನವನ ಎದುರೇ ಸಮೀಕ್ಷಾಳನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿದೆ. ಹುಚ್ಚಿ ಅಂದುಕೊಂಡಿರಬೇಕು. ಅಂದುಕೊಳ್ಳಲಿ.

೭ ಅಕ್ಟೋಬರ್

ಅನಿಲನ ಮನೆಗೆ ಹೋದೆ. “ಮಕ್ಕಳ ಮುಂದೆ ಬೈಬಾರದಿತ್ತು ಕಣೋ.” “ನಾನೂ ಕೇಳಿ ಮಾಡ್ಬೇಕಿತ್ತು” ಅಂದ. ಕೊನೆಯ ಕಥೆಯ ಹಾಳೆಗಳನ್ನು ಇಬ್ಬರೂ ಕೂತು ತೆಗೆದೆವು. ಹೊಸ ಸ್ಟೆನ್ಸಿಲ್, ಬರೀ ಕನ್ನಡ.

೧೭ ಅಕ್ಟೋಬರ್

ಪರವಾನಗಿ ಬರಹದಲ್ಲೂ ಬಂತು. ಮಾರಾಟ ಕೂಡದು, ಲೇಖಕಿಯ ಹೆಸರಿರಬೇಕು, ತನಗೊಂದು ಪ್ರತಿ. ಕೆಳಗೆ — “ಆ ಕೂಸಿಗೆ ಆಶೀರ್ವಾದ.” ನವರಾತ್ರಿಯ ಗರ್ಬಾ ಕುಣಿತದ ಗದ್ದಲದಲ್ಲೇ ಕೂತು ಹೊಲಿಯುತ್ತಿದ್ದೇವೆ. ಬೆರಳೆಲ್ಲ ಸೂಜಿ ಚುಚ್ಚಿದ ಗಾಯ, ಆದರೂ ಹಾಡು ಬರುತ್ತಿದೆ.

೩ ನವೆಂಬರ್, ಭಾನುವಾರ

ಗೆದ್ದೆವು. ರಾಜ್ಯೋತ್ಸವದ ವೇದಿಕೆಯ ಮೇಲೆ ಮಕ್ಕಳು ಒಬ್ಬೊಬ್ಬರೂ ಎದ್ದು ಓದಿದರು. ಅಪ್ಪ ಅಮ್ಮಂದಿರು ಪಿಳಿಪಿಳಿ ನೋಡುತ್ತಿದ್ದರು, ಇದು ನಮ್ಮದೇ ಮಗುವಾ ಅಂತ. ರಾಯರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದು, ಎಲ್ಲರಿಗೂ ಜಾಮೂನು ಕೊಡಿಸಿದರು. ಅನಿಲ್ ಹಿಂದೆ ನಿಂತು ಪ್ರತಿ ಸಾಲಿಗೂ ತುಟಿ ಆಡಿಸುತ್ತಿದ್ದ.

ಕೊನೆಯ ಕಥೆ ಏನಂತ ಎಲ್ಲರದೂ ಒಂದೇ ಕಾಟ. ನಾನು ಬಾಯಿ ಬಿಡಲಿಲ್ಲ.

೨೪ ನವೆಂಬರ್, ಭಾನುವಾರ. ಬೆಳಗ್ಗೆ

ಕಾಫಿಗಿಟ್ಟಿದ್ದೆ. ಬಾಗಿಲಲ್ಲಿ ಸಮೀಕ್ಷಾ, ಎದೆಗವುಚಿಕೊಂಡ ಪುಸ್ತಕ. ಕೊನೆಯ ಕಥೆ ಓದಿ ಮುಗಿಸಿದ್ದಾಳೆ. ಯಾರನ್ನೂ ಕೇಳಿಲ್ಲವಂತೆ, ಅಮ್ಮನನ್ನೂ.

“ಏನಾಯ್ತು ಹೇಳು” ಅಂದೆ.

ಹೇಳುವುದಿಲ್ಲವಂತೆ. ಮೊದಲು ಧಾರವಾಡದ ಅಜ್ಜಿಗೆ ಓದಿ ಹೇಳಬೇಕಂತೆ, ಫೋನಿನಲ್ಲಿ, ಪೂರ್ತಿ. ಬೂತ್ ಇನ್ನೂ ತೆಗೆದಿರುವುದಿಲ್ಲ ಅಂದರೆ ಕೇಳುತ್ತಿಲ್ಲ. ಹೊಸಿಲ ಮೇಲೆ ಕೂತು, ಅಜ್ಜಿಗೆ ಓದುವ ಅಭ್ಯಾಸವೆಂದು ಮೊದಲ ಪುಟವನ್ನೇ ಮತ್ತೆ ಜೋರಾಗಿ ಓದಲು ಶುರು ಮಾಡಿದಳು, ಈ ಸಲ ಎಳೆಯದೆ, ಬಿರಬಿರನೆ, ಈಗ ಎದ್ದು ಬಂದಿದ್ದಾಳೆ, ನಾನು ಇದನ್ನು ಬರೆಯುವ ಹಾಗೂ ಇಲ್ಲ, ಕೈ ಹಿಡಿದು ಬೂತಿನ ಕಡೆ ಜಗ್ಗುತ್ತಾ —