ಒಂದು ಗಂಟೆಗೆ ಕರೆಯುವವರು

ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರೇ,

ಸಂಬಳ ಬಿಟ್ಟು ಈ ಉದ್ಯೋಗದಲ್ಲಿ ಯಾವ ಸೌಲಭ್ಯ ನಿಮಗೆ ಹೆಚ್ಚು ಇಷ್ಟ ಎಂದು ಕೇಳಿ ನೀವು ಕಳುಹಿಸಿದ ಪ್ರಶ್ನಾವಳಿ ತಲುಪಿದೆ. ಜಿಮ್ ಸದಸ್ಯತ್ವ, ಊಟದ ಕಾರ್ಡು, ಮಸಾಜ್ ಕುರ್ಚಿ, ಮನಸ್ಸಿನ ನೆಮ್ಮದಿಗೊಂದು ಆ್ಯಪ್, ಇವುಗಳಲ್ಲಿ ಒಂದಕ್ಕೆ ಗುರುತು ಹಾಕಬೇಕಂತೆ. ನನಗೆ ಬೇಕಾದದ್ದು ಅದರಲ್ಲಿಲ್ಲ. ಅದನ್ನು ನೀವೇ ಕಳೆದ ವರ್ಷ ಲಾರಿಗೆ ಹೇರಿ ಕಳುಹಿಸಿಬಿಟ್ಟಿರಿ. ಎರಡನೇ ಮಹಡಿಯ ಊಟದ ಮೇಜು ಅದು. ಅದು ಹೋದ ಮೇಲೆ ನಮ್ಮ ವಾರಿಜಾ ತನ್ನ ಸೀಟಿನಲ್ಲೇ ಸತ್ತು, ಸಂಜೆಯವರೆಗೆ ಯಾರ ಗಮನಕ್ಕೂ ಬಾರದೆ ಕುಳಿತಿದ್ದಳು. ನಿಮ್ಮ ಪ್ರಶ್ನಾವಳಿಯ ‘ಇತರೆ’ ಎಂಬ ಜಾಗದಲ್ಲಿ ಇದೆಲ್ಲ ಹಿಡಿಯಲಿಲ್ಲ. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ.

ಓದುವವರಿಗೆ ಗೊತ್ತಿರಲಿ, ಬಿಳೇಕಹಳ್ಳಿಯ ನಮ್ಮ ಕಚೇರಿಯಲ್ಲಿ ನಡೆಯುವುದು ವಿಮೆಯ ಕೆಲಸ. ವಿಮೆ ಮಾಡಿಸಿದವರು ತೀರಿಕೊಂಡರೆ ಅವರ ಮನೆಯವರ ಅರ್ಜಿ ಪರಿಶೀಲಿಸುತ್ತೇವೆ. ಬೆಳಗಿನಿಂದ ಸಂಜೆಯವರೆಗೆ ಸತ್ತವರ ಕಾಗದ. ಅಂಥ ಕೆಲಸದಲ್ಲಿ ನಾನು ಇಷ್ಟು ವರ್ಷ ಉಳಿದದ್ದು ನೀವು ಕೊಡುವ ಸಂಬಳಕ್ಕಲ್ಲ. ಹನುಮಂತನಗರದಲ್ಲಿ, ನಮ್ಮ ಮನೆಯ ಹತ್ತಿರವೇ, ಇದಕ್ಕಿಂತ ಒಳ್ಳೆಯದು ಸಿಕ್ಕಿತ್ತು. ಉಳಿದದ್ದು ಮಧ್ಯಾಹ್ನದ ಅರ್ಧ ಗಂಟೆಗೆ. ಎಲ್ಲರೂ ಬರುವ ತನಕ ಯಾರೂ ಡಬ್ಬಿಯ ಮುಚ್ಚಳ ತೆಗೆಯಬಾರದು ಎಂಬುದೊಂದೇ ಆ ಮೇಜಿನ ಕಾನೂನು. ತಡ ಮಾಡಿದವರನ್ನು ಎಬ್ಬಿಸಿ ತರುವ ಕೆಲಸ ವಾರಿಜಾಳದು. ತಲಘಟ್ಟಪುರದಿಂದ ಬಸ್ಸಿನಲ್ಲಿ ನಿಂತೇ ಬರುತ್ತಿದ್ದ ಹೆಂಗಸು, ಒಂದು ಗಂಟೆಗೆ ನಮ್ಮ ಸೀಟಿನ ಪಕ್ಕ ಪ್ರತ್ಯಕ್ಷಳಾಗಿ ಗದರುತ್ತಿದ್ದಳು. “ಏನ್ರೀ, ಸತ್ತೋರು ಎಲ್ಲಿಗೂ ಓಡ್ಹೋಗಲ್ಲ. ಎದ್ದೇಳಿ, ಅನ್ನ ಆರೋಗ್ತಿದೆ!” ಒಮ್ಮೆ ನಮ್ಮ ಶ್ವೇತ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ವಾರಿಜಾ ಹೋಗಿ ಕರೆತಂದಳು. ಏನು ಎತ್ತ ಎಂದು ಕೇಳದೆ ಮೊಸರನ್ನ ಕಲಸಿ ಮುಂದಿಟ್ಟಳು. ಇಂಥ ಸೌಲಭ್ಯಕ್ಕೆ ನಿಮ್ಮ ಭಾಷೆಯಲ್ಲಿ ಏನು ಹೆಸರಿದೆ?

ಮೇಜು ತೆಗೆಸಲು ನೀವು ಕೊಟ್ಟ ಕಾರಣಗಳು ಘನವಾಗಿದ್ದವು. ಹುಳಿಯ ವಾಸನೆ ಸಭಾಕೊಠಡಿಗೆ ಹರಡುತ್ತದೆ. ಎಲ್ಲರೂ ಒಟ್ಟಿಗೆ ಎದ್ದರೆ ಫೋನು ಎತ್ತುವವರಿರುವುದಿಲ್ಲ. ಆದ್ದರಿಂದ ನಮಗೆಲ್ಲ ಸ್ವಾತಂತ್ರ್ಯ ಕೊಟ್ಟಿರಿ, ಯಾರು ಯಾವಾಗ ಬೇಕಾದರೂ ತಮ್ಮ ಸೀಟಿನಲ್ಲೇ ಉಣ್ಣಬಹುದು ಎಂದು. ಮೇಜಿದ್ದ ಜಾಗಕ್ಕೆ ಮಸಾಜ್ ಕುರ್ಚಿ ಬಂತು. ಅದರಲ್ಲಿ ಕುಳಿತವರನ್ನು ನಾನಂತೂ ಕಂಡಿಲ್ಲ. ನಿಮ್ಮನ್ನು ಇಷ್ಟು ಸ್ವಾತಂತ್ರ್ಯ ಕೇಳಿದವರು ಯಾರು?

ಈ ಜನವರಿಯಲ್ಲಿ ಒಂದು ದಿನ ವಾರಿಜಾ ಎರಡನೇ ಮಹಡಿಯ ಮೂಲೆಯ ತನ್ನ ಸೀಟಿನಲ್ಲಿ ಮುಂದಕ್ಕೆ ಬಾಗಿ ತಲೆಯಿಟ್ಟಿದ್ದಳು. ಹಾದುಹೋದವರು ಊಟ ಮುಗಿಸಿ ಸ್ವಲ್ಪ ಒರಗಿದ್ದಾಳೆ ಎಂದುಕೊಂಡರು. ಯಾರು ಉಂಡರು, ಯಾರು ಉಣ್ಣಲಿಲ್ಲ ಎಂಬುದು ಈಗ ಯಾರಿಗೂ ತಿಳಿಯುವುದಿಲ್ಲವಲ್ಲ. ಕೆಳಗಿನ ಮಹಡಿಯಲ್ಲಿದ್ದ ನನ್ನ ಪರದೆಯಲ್ಲಿ ಅವಳ ಹೆಸರಿನ ಪಕ್ಕ, ಕೆಲಸದಲ್ಲಿದ್ದಾಳೆಂದು ತೋರಿಸುವ ಹಸಿರು ದೀಪ ಉರಿಯುತ್ತಲೇ ಇತ್ತು. ಅವಳ ಮೊಣಕೈ ಕೀಲಿಮಣೆಯ ಮೇಲೆ ಒತ್ತಿಕೊಂಡಿತ್ತು ಎಂದು ಆಮೇಲೆ ತಿಳಿಯಿತು. ನಿಮ್ಮ ಲೆಕ್ಕದಲ್ಲಿ ಅವಳು ಸಂಜೆಯವರೆಗೂ ಕೆಲಸದಲ್ಲಿದ್ದಳು. ಕಸದ ಬುಟ್ಟಿ ತೆಗೆಯಲು ಹೋದ ಯಲ್ಲಮ್ಮ ಮೆಟ್ಟಿಲಿಳಿದು ಓಡಿಬಂದು ನನ್ನ ತೋಳು ಹಿಡಿದಳು. “ಅಕ್ಕಾ, ಮೇಲಕ್ ಬನ್ನಿ. ವಾರಿಜಕ್ಕ ಕೂಗಿದ್ರೂ ಏಳ್ತಿಲ್ಲ. ಕೈ ತಣ್ಗಾಗೈತೆ.”

ಸಂತಾಪ ಸಭೆಯಲ್ಲಿ ನೀವು “ಹೃದಯಾಘಾತ, ಯಾರೇನ್ ಮಾಡೋಕಾಗತ್ತೆ?” ಅಂದಿರಿ. ಒಪ್ಪಿದೆ. ಕ್ಷಣದಲ್ಲಿ ಪ್ರಾಣ ಹೋಗಿರಬೇಕು ಎಂದು ವೈದ್ಯರೂ ಹೇಳಿದರು. ಮೇಜು ಇದ್ದಿದ್ದರೆ ಅವಳು ಬದುಕುತ್ತಿದ್ದಳು ಎಂದು ನಾನು ವಾದಿಸುವುದಿಲ್ಲ. ಆದರೆ ಅದಿದ್ದಿದ್ದರೆ ಒಂದು ಗಂಟೆಗೆ ನಾವು ಮುಚ್ಚಳ ತೆಗೆಯದೆ ಕಾಯುತ್ತಿದ್ದೆವು, ಯಾರಾದರೂ ಎದ್ದು ಹೋಗಿ ಅವಳ ಭುಜ ಮುಟ್ಟುತ್ತಿದ್ದರು. ಊರನ್ನೆಲ್ಲ ಕರೆದವಳನ್ನು ಕರೆಯಲು ಒಬ್ಬರೂ ಹೋಗಲಿಲ್ಲ. ಇದನ್ನು ನನ್ನಿಂದ ಸಹಿಸಲಾಗುತ್ತಿಲ್ಲ.

ಹೊಸದಾಗಿ ಸೇರಿದ ದಿವ್ಯ ವಾರಿಜಾಳನ್ನು ನೋಡಿಯೇ ಇಲ್ಲ. ಮೊನ್ನೆ ಕೇಳಿದಳು, “ಅಕ್ಕ, ಒಂದ್ ಗಂಟೆ ಆದ್ರೆ ನೀವೆಲ್ಲ ಯಾಕೆ ಹಿಂದೆ ತಿರುಗಿ ನೋಡ್ತೀರಾ?” ನಾವು ತಿರುಗುತ್ತೇವೆ ಎಂಬುದೇ ನಮಗೆ ತಿಳಿದಿರಲಿಲ್ಲ. ಈಗ ತಿಳಿದ ಮೇಲೂ ತಿರುಗುತ್ತೇವೆ. ಹಿಂದೆ ಯಾರೂ ಇರುವುದಿಲ್ಲ.

ವಾರಿಜಾಳ ಚೀಲ ಒಯ್ಯಲು ಅವಳ ತಮ್ಮ ತಿರುಮಲೇಶ ಬಂದ ದಿನ, ಡಬ್ಬಿ ತೊಳೆದು ಕೊಡೋಣವೆಂದು ತೆಗೆದೆ. ಅನ್ನ, ಹಿತಕಿದ ಅವರೆಕಾಳಿನ ಸಾರು ಮುಟ್ಟದೆ ಹಾಗೇ ಇದ್ದು ಹಳಸಿದ್ದವು. ಪಕ್ಕದಲ್ಲಿ ಇನ್ನೊಂದು ಪುಟ್ಟ ಡಬ್ಬಿ, ಅದರಲ್ಲೂ ಅದೇ ಸಾರು. ಆ ಸಾರೆಂದರೆ ನನಗೆ ಪ್ರಾಣ ಎಂದು ಅವಳಿಗೆ ಗೊತ್ತಿತ್ತು. ದೊಡ್ಡ ಡಬ್ಬಿ ಕೊಟ್ಟೆ. ಸಣ್ಣದನ್ನು ಕೊಡಲು ಕೈ ಬರಲಿಲ್ಲ. ನಮ್ಮಲ್ಲಿ ತಿಂಡಿ ಬಂದ ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದಿಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತೇವೆ. ಸಾವಿನ ಮನೆಗೆ ಏನು ಹಾಕಿ ಕೊಡಲಿ? ಅದಿನ್ನೂ ನನ್ನ ಡ್ರಾಯರಿನಲ್ಲಿದೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಮಸಾಜ್ ಕುರ್ಚಿಯನ್ನು ನೀವೇ ಇಟ್ಟುಕೊಳ್ಳಿ, ಮೇಜು ವಾಪಸು ತಂದಿಡಿ. ಒಂದು ಗಂಟೆಗೆ ಎಲ್ಲರನ್ನೂ ಒಟ್ಟಿಗೆ ಉಣ್ಣಲು ಬಿಡಿ. ಫೋನು ಬಡಿದುಕೊಳ್ಳಲಿ, ಸತ್ತವರು ಎಲ್ಲಿಗೂ ಓಡಿಹೋಗುವುದಿಲ್ಲ. ಬಾರದವರನ್ನು ಕರೆಯಲು ಒಬ್ಬರು ಎದ್ದು ಹೋಗಲೇಬೇಕು. ಆ ಕೆಲಸ ನನಗೆ ಕೊಡಿ. ಅದಕ್ಕೆ ಸಂಬಳ ಬೇಡ.

ಇಂತಿ,
ನಿಮ್ಮ ಪರದೆಯಲ್ಲಿ ಸದ್ಯಕ್ಕೆ ಹಸಿರಾಗಿರುವ
ಜಯಶೀಲಾ